ಗಂತಿನಲ್ಲಿ ಕಾಯುವವರು

ಚಳಿಗಾಲದ ಶನಿವಾರ ಸಂಜೆ ಕಕ್ಕಿಂಜೆ ಪೇಟೆಯಲ್ಲಿ ಬಸ್ಸಿಗೆ ನಿಂತರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ‘ಇವತ್ತು ಯಾವ ಕಂಬಳ ಮಾರಾಯ್ರೆ?’ ಹೆಗಲ ಮೇಲಿನ ಶಾಲು, ಕೈಯಲ್ಲಿನ ಟಾರ್ಚು ಮೊದಲೇ ಎಲ್ಲ ಹೇಳಿಬಿಟ್ಟಿರುತ್ತವೆ. ಚಾರ್ಮಾಡಿ ಘಾಟಿ ಇಳಿದು ಬರುವ ಬಸ್ಸು ಹತ್ತಿ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ ದಾಟಿದರೆ ವೇಣೂರಿನ ಸೂರ್ಯ–ಚಂದ್ರ ಜೋಡುಕರೆ. ಅದೇ ರಸ್ತೆ ಹಿಡಿದು ಮುಂದೆ ಹೋದರೆ ಮೂಡುಬಿದಿರೆ ಕಡಲಕೆರೆಯ ಕೋಟಿ–ಚೆನ್ನಯ. ಬಂಟ್ವಾಳದ ಕಡೆಗೆ ತಿರುಗಿದರೆ ಹೊಕ್ಕಾಡಿಗೋಳಿಯ ವೀರ–ವಿಕ್ರಮ, ಕಕ್ಯಪದವಿನ ಸತ್ಯ–ಧರ್ಮ. ಮೂರೂ ತಾಲೂಕಿನ ಶನಿವಾರಗಳು ನವೆಂಬರಿನಿಂದ ಹೀಗೇ ಹಂಚಿಹೋಗಿರುತ್ತವೆ.

ಕಂಬಳ ನೋಡಲು ಬಂದವರು ಹೆಚ್ಚಾಗಿ ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಸೇರುತ್ತಾರೆ. ಕೋಣಗಳು ಕೆಸರು ಚಿಮ್ಮಿಸುತ್ತ ಏರು ಹತ್ತುವುದು, ಮೈಕಿನಲ್ಲಿ ಸೆಕೆಂಡು ಹೇಳುವುದು, ಫೋಟೋದವರು ಮುಗಿಬೀಳುವುದು ಎಲ್ಲ ಅಲ್ಲೇ. ನಾನು ಮಾತ್ರ ಕೆಲವು ವರ್ಷಗಳಿಂದ ಗಂತಿನ ಕಡೆ ಕೂರುವವನು. ಓಟ ಶುರುವಾಗುವ ತುದಿ ಅದು. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ ಎನ್ನುವವರಿದ್ದಾರೆ. ಓಟ ಅರ್ಧಕ್ಕರ್ಧ ಗೆಲ್ಲುವುದೋ ಕೆಡುವುದೋ ಅಲ್ಲೇ ಎಂಬುದು ನನ್ನ ಲೆಕ್ಕ.

ಆಟಗಾರರ ಮಾನಸಿಕ ತಯಾರಿಯ ಬಗ್ಗೆ ಈಗ ಎಲ್ಲ ಕಡೆ ಮಾತು. ಸ್ಪರ್ಧೆಯ ಹಿಂದಿನ ದಿನ ಬೇಗ ಮಲಗು, ಕಣ್ಣು ಮುಚ್ಚಿ ಗೆಲುವನ್ನು ಕಲ್ಪಿಸಿಕೊ, ಇಂತಿಷ್ಟು ಹೊತ್ತಿಗೆ ಮೈ ಬಿಸಿ ಮಾಡು. ಒಳ್ಳೆಯ ಮಾತೇ. ಇವನ್ನೆಲ್ಲ ಹೇಳಿದವರು ಕಂಬಳದ ಗದ್ದೆಗೆ ಬಂದವರಲ್ಲ, ಅಷ್ಟೆ. ಒಲಿಂಪಿಕ್ಸಿನ ಓಟಗಾರನಿಗೆ ತನ್ನ ಫೈನಲ್ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ತಿಂಗಳುಗಳ ಮೊದಲೇ ಗೊತ್ತು. ಕೋಣ ಓಡಿಸುವವನಿಗೆ ಗೊತ್ತಿರುವುದು ಇವತ್ತು ಎಂಬುದೊಂದೇ, ಅದೂ ನಾಳೆಯಾದೀತು. ನೂರೈವತ್ತು, ಇನ್ನೂರು ಜೋಡಿ ಕೋಣಗಳು. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂಬ ವಿಭಾಗಗಳು. ಹಗ್ಗ, ನೇಗಿಲುಗಳಲ್ಲಿ ಮತ್ತೆ ಹಿರಿಯ, ಕಿರಿಯ. ಶನಿವಾರ ಬೆಳಗ್ಗೆ ಇಳಿಸಿದ ಕೋಣಗಳ ಫೈನಲ್ ಭಾನುವಾರ ಬಿಸಿಲೇರಿದ ಮೇಲೆ ಆಗುವುದೂ ಉಂಟು. ಒಬ್ಬನೇ ಬೇರೆ ಬೇರೆ ವಿಭಾಗಗಳಲ್ಲಿ ಬೇರೆ ಬೇರೆ ಯಜಮಾನರ ಕೋಣ ಓಡಿಸುವುದೂ ಇದೆ. ನಡುವೆ ಎರಡು ಗಂಟೆಯೋ ಆರು ಗಂಟೆಯೋ. ಉಣ್ಣಬೇಕೋ ಬೇಡವೋ, ಮಲಗಿದರೆ ಮೈ ಜಡವಾದೀತೋ ಏನೋ. ಇವನ ಸಾಧನೆಯೆಲ್ಲ ಆ ಕಾಯುವಿಕೆಯಲ್ಲಿದೆ. ಹಳಸದೆ ಕಾಯಬೇಕು.

ಸರಿ, ಕಡೆಗೂ ಸರದಿ ಬಂತು, ಗಂತಿಗೆ ಬಂದರು. ಅಲ್ಲಿ ಇನ್ನೊಂದು ಕಾಯುವಿಕೆ. ಜೋಡುಕರೆಯೆಂದರೆ ಅಕ್ಕಪಕ್ಕದ ಎರಡು ಓಟದ ಹಾದಿ, ಎರಡೂ ಕರೆಯ ಕೋಣಗಳು ಒಟ್ಟಿಗೆ ನೇರ ನಿಲ್ಲಬೇಕು. ಒಂದು ತಿರುಗುತ್ತದೆ, ಇನ್ನೊಂದು ಹಿಂದೆ ಜಗ್ಗುತ್ತದೆ. ಬಿಡುವವರು ಮೂಗುದಾರ ಹಿಡಿದು ನಿಲ್ಲಿಸುವಷ್ಟರಲ್ಲಿ ಪಕ್ಕದ ಕರೆಯ ಜೋಡಿ ಕೆಟ್ಟಿತು. ಕಾಲು ಕೆಸರಿನಲ್ಲಿ, ಜನರ ಬೊಬ್ಬೆ, ಕೊಂಬು, ಡೋಲು. ಓಡಿಸುವವನ ಎದೆಬಡಿತ ಅಲ್ಲಿ ಏರಿತೋ ಕೋಣಕ್ಕೆ ತಿಳಿಯಿತು ಎನ್ನುತ್ತಾರೆ ಬಲ್ಲವರು. ನಾನಂತೂ ನಂಬುತ್ತೇನೆ. ಹಗ್ಗ ಹಿಡಿದ ಕೈ ಬಿಗಿಯಾದರೆ ನೊಗದವರೆಗೆ ಅದು ಮುಟ್ಟಲೇಬೇಕಲ್ಲ! ಹಳಬರಲ್ಲಿ ಒಂದು ಅಭ್ಯಾಸ ಕಂಡಿದ್ದೇನೆ. ಕೋಣದ ಬೆನ್ನಿಗೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಮಾತಿಲ್ಲ. ಮಂಜೊಟ್ಟಿಯ ಕಡೆ ಕಣ್ಣೂ ಹಾಯಿಸುವುದಿಲ್ಲ. ಬಿಡುವ ಮುಂಚೆ ಒಂದಿಷ್ಟು ಕರೆಯ ನೀರು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಭಕ್ತಿ ಹೌದು. ಉಸಿರು ಒಂದು ಹದಕ್ಕೆ ಬರುವುದೂ ಆ ಒಂದು ಬಗ್ಗುವಿಕೆಯಲ್ಲೇ.

ಈ ಹದದ ಮಾತಿಗೆ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1908ರಲ್ಲಿ ಯರ್ಕ್ಸ್, ಡಾಡ್ಸನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ತಪ್ಪು ಪೆಟ್ಟಿಗೆಗೆ ಹೋದ ಇಲಿಗೆ ಸಣ್ಣ ವಿದ್ಯುತ್ ಹೊಡೆತ. ಸುಲಭದ ಪಾಠಕ್ಕೆ ಹೊಡೆತ ಜೋರಾದಷ್ಟೂ ಕಲಿಕೆ ಚುರುಕಾಯಿತು. ಕಷ್ಟದ ಪಾಠಕ್ಕೆ ಹಾಗಾಗಲಿಲ್ಲ. ಒಂದು ಮಿತಿ ದಾಟಿದ ಮೇಲೆ ಇಲಿ ತಬ್ಬಿಬ್ಬಾಯಿತು. ಉದ್ವೇಗ ಎಷ್ಟಿರಬೇಕು ಎಂಬ ಚರ್ಚೆಯಲ್ಲಿ ಕ್ರೀಡಾ ಮನಶ್ಶಾಸ್ತ್ರದವರು ಇವತ್ತಿಗೂ ಆ ಇಲಿಗಳನ್ನು ಕರೆತರುತ್ತಾರೆ. ನನಗೆ ಅದನ್ನು ಓದಿದಾಗ ನೆನಪಾದದ್ದು ಹಗ್ಗ ಮತ್ತು ಕನೆಹಲಗೆ.

ಹಗ್ಗದ ಓಟಕ್ಕೆ ಕಿಚ್ಚು ಬೇಕು. ಕೋಣಗಳ ವೇಗಕ್ಕೆ ಕಾಲು ಕೊಟ್ಟು, ಬೀಳದೆ, ಹದಿಮೂರು ಹದಿನಾಲ್ಕು ಸೆಕೆಂಡು ಉರಿಯಬೇಕು. ಕನೆಹಲಗೆಯ ಸಂಗತಿಯೇ ಬೇರೆ. ತೂತು ಕೊರೆದ ದಪ್ಪ ಮರದ ತುಂಡಿನ ಮೇಲೆ ಕಾಲೂರಿ ನಿಂತವನನ್ನು ಕೋಣಗಳು ಎಳೆದೊಯ್ಯುತ್ತವೆ. ಆ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ಮುಟ್ಟಬೇಕು, ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕವಿಲ್ಲ, ನೀರು ಎಲ್ಲಿಗೆ ಹಾಯಿತು ಎಂಬುದೇ ಲೆಕ್ಕ. ಭಾರ ಒಂದು ಚೂರು ಹಿಂದಾದರೆ ನೀರು ಚದುರುತ್ತದೆ. ಹಗ್ಗದವನ ಆವೇಶ ತಂದು ಹಲಗೆ ಹತ್ತಿದವನಿಗೆ ನಿಶಾನೆ ಒದ್ದೆಯಾಗದು. ಗಂತಿನಲ್ಲಿ ಕನೆಹಲಗೆಯವನ ಮುಖ ನೋಡಬೇಕು ನೀವು, ಈಗಷ್ಟೇ ನಿದ್ದೆಯಿಂದ ಎದ್ದವನ ಹಾಗೆ ಸಪ್ಪಗೆ. ನನಗೆ ಕಂಬಳದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಮುಖ ಅದು. ಹಗ್ಗದ ಫೈನಲ್‌ಗೆಂದು ಬಂದು ಕನೆಹಲಗೆಯ ಹೊತ್ತಿಗೆ ಗೋಬಿ ಮಂಚೂರಿ ತಿನ್ನಲು ಹೋಗುವವರ ಮೇಲೆ ನನಗೆ ಸಣ್ಣ ಸಿಟ್ಟಿದೆ, ಇರಲಿ.

2020ರ ಫೆಬ್ರವರಿಯನ್ನು ಯಾರೂ ಮರೆತಿಲ್ಲ. ಐಕಳದ ಕಾಂತಾಬಾರೆ–ಬೂದಾಬಾರೆ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು, 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ 9.58ರ ಪಕ್ಕ ಇಟ್ಟರು, ದೇಶವೆಲ್ಲ ಸದ್ದಾಯಿತು. ಅದೇ ತಿಂಗಳು ನಮ್ಮ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರಿಗೆ 13.61 ಸೆಕೆಂಡು ತೆಗೆದುಕೊಂಡು ಆ ಲೆಕ್ಕವನ್ನೂ ಹಿಂದಿಕ್ಕಿದರು. ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಕ್ರೀಡಾ ಪ್ರಾಧಿಕಾರದ ಟ್ರಯಲ್ಸಿಗೆ ಕರೆಸುವುದಾಗಿ ಹೇಳಿದರು. ಗೌಡರು ಹೋಗಲಿಲ್ಲ. ಕಾಲಿಗೆ ಪೆಟ್ಟಾಗಿತ್ತು, ಮುಂದಿನ ಕಂಬಳಗಳಿದ್ದವು. ಟ್ರ್ಯಾಕಿನ ಓಟಗಾರ ಓಡುವುದು ಬೆರಳ ತುದಿಯಲ್ಲಿ, ತಾವು ಓಡುವುದು ಹಿಮ್ಮಡಿಯಲ್ಲಿ ಎಂದರು. ಗೆಲುವಿನ ದೊಡ್ಡ ಪಾಲು ಕೋಣಗಳದ್ದು ಎಂದರು. ಅವಕಾಶ ಕೈಚೆಲ್ಲಿದರು ಎಂದು ಪೇಟೆಯ ಹೋಟೆಲಿನಲ್ಲಿ ಅಂದು ವಾದಿಸಿದವರು ನನ್ನ ಸ್ನೇಹಿತರೇ. ಇಂತಿಷ್ಟು ಹೊತ್ತಿಗೆ, ಒಬ್ಬನೇ, ಒಣ ನೆಲದ ಮೇಲೆ, ಕೈಗೆ ಹಗ್ಗವಿಲ್ಲದೆ ನಿಂತರೆ ಆ ಮನಸ್ಸು ಯಾವುದಕ್ಕೆ ಆತುಕೊಳ್ಳಬೇಕು ಎಂದು ನಾನು ಕೇಳಿದೆ. ಯಾರೂ ಕಿವಿಗೊಡಲಿಲ್ಲ.

ಈ ಕಾಯುವಿಕೆಯ ಇನ್ನೊಂದು ಶಾಲೆ ನಮ್ಮಲ್ಲೇ ಇತ್ತು, ಯಕ್ಷಗಾನದವರು ವೇಷ ಕಟ್ಟುವ ಚೌಕಿ. ಇಡೀ ರಾತ್ರಿಯ ಆಟದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷ ರಂಗಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆ. ಬಣ್ಣದ ಮಹಾಲಿಂಗರಂಥವರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂತು, ಅಕ್ಕಿಹಿಟ್ಟು–ಸುಣ್ಣದ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟುಕೊಳ್ಳುತ್ತಿದ್ದರು. ಚುಟ್ಟಿ ಇಟ್ಟ ಮೇಲೆ ಹರಟೆ ನಗು ಸಾಧ್ಯವಿಲ್ಲ, ನಕ್ಕರೆ ಉದುರುತ್ತದೆ. ಬಾಯಿ ತಾನಾಗಿ ಕಟ್ಟಿತು, ಮನಸ್ಸು ರಾವಣನೊಬ್ಬನ ಜೊತೆ ಉಳಿಯಿತು. ಕೊನೆಗೆ ಚೌಕಿಯ ಗಣಪತಿಗೆ ಕೈಮುಗಿದು ಎದ್ದರೆ ಪರದೆಯ ಹಿಂದಿನ ಆರ್ಭಟೆಗೆ ಮಲಗಿದ್ದ ಮಕ್ಕಳು ಎಚ್ಚರವಾಗುತ್ತಿದ್ದರು. ಈಗ ಧರ್ಮಸ್ಥಳ ಮೇಳದ ಆಟವೂ ಕಾಲಮಿತಿ. ಮನೆಗೆ ಹೊತ್ತಿಗೆ ಸರಿಯಾಗಿ ಬರುತ್ತೇವೆ, ದೂರುವಂತಿಲ್ಲ. ಕಂಬಳವನ್ನೂ ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಕೋಣಗಳ ಮಟ್ಟಿಗೆ ಅದು ನ್ಯಾಯ, ನನ್ನ ಓಟೂ ಅದಕ್ಕೇ.

ಕಾಯುವವರ ಕೈಗೆ ಈಗ ಮೊಬೈಲು ಬಂದಿದೆ. ಒಂದು ಸಲ ಬೆಳಗಿನ ಜಾವ, ಗಂತಿನ ಪಕ್ಕ ಬೈಹುಲ್ಲಿನ ಮೇಲೆ ಕೂತ ಹುಡುಗನೊಬ್ಬ ಸ್ವಲ್ಪ ಮೊದಲು ತಾನೇ ಓಡಿದ ಸೆಮಿಫೈನಲಿನ ವಿಡಿಯೋ ಮತ್ತೆ ಮತ್ತೆ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ‘ಮುಗಿದ ಓಟ ಯಾಕೆ ನೋಡ್ತಿ ಮಗಾ, ಕೋಣದ ಹತ್ತಿರ ಹೋಗಿ ಕೂತ್ಕೊ’ ಎಂದೆ. ಅವನು ನಕ್ಕ. ‘ಅವು ನಿದ್ದೆಯಲ್ಲಿ ಉಂಟು ಅಣ್ಣಾ, ಎಬ್ಬಿಸುವುದು ಬೇಡ.’ ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು. ಮೊಬೈಲನ್ನು ನನ್ನ ಕೈಗೆ ತುರುಕಿ ಎದ್ದು ನಡೆದ. ವಿಡಿಯೋ ಓಡುತ್ತಲೇ ಇತ್ತು. ಹಿಮ್ಮಡಿ ಹೇಗೆ ಊರುತ್ತಾನೆ ನೋಡೋಣ ಎಂದು ನಾನೂ ಒಮ್ಮೆ ನೋಡಿದೆ, ಇನ್ನೊಮ್ಮೆ ನೋಡಿದೆ. ತಲೆ ಎತ್ತುವಾಗ ಕೋಣಗಳು ಮಂಜೊಟ್ಟಿ ಹತ್ತಿಯಾಗಿತ್ತು. ಫೈನಲ್ ಯಾರು ಗೆದ್ದದ್ದೆಂದು ಕಡಲೆ ಮಾರುವವನ ಹತ್ತಿರ ಕೇಳಬೇಕಾಯಿತು.