ಅಂತರ್ಜಾಲವೂ ಕನ್ನಡ ವಾಚಕನೂ

ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರಿನ ಒಂದು ಮನೆಗೆ ಈಚೆಗೆ ಗೃಹಪ್ರವೇಶಕ್ಕೆಂದು ಹೋಗಿದ್ದೆವು. ಊಟಕ್ಕೆ ಮೊದಲು ಮನೆಯ ಯಜಮಾನರು ತಮ್ಮ ಮೊಬೈಲನ್ನು ನೋಡಿ, ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಆ ದಿನ ಶೇಂಗಾ ಯಾವ ಧಾರಣೆಗೆ ಹೋಯಿತೆಂಬುದನ್ನು ನೆರೆದವರಿಗೆ ತಿಳಿಸಿದರು. ಊಟವಾದ ಬಳಿಕ ಅದೇ ಮೊಬೈಲಿನಿಂದ, ಬಸವಣ್ಣನವರ ವಚನವೆಂದು ಎಂಟು ಸಾಲುಗಳನ್ನು ಓದಿದರು. ಎಲ್ಲರೂ ತಲೆದೂಗಿದರು. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳು ಮಾತ್ರ, "ಅಜ್ಜಾ, ಇದು ಬಸವಣ್ಣನವರದೇ ಏನು? ಇದರಲ್ಲಿ ಆತ್ಮವಿಶ್ವಾಸ ಎಂಬ ಮಾತು ಬಂದಿದೆಯಲ್ಲ!" ಎಂದಳು. ಅಜ್ಜನವರು ಕೊಂಚ ನೊಂದುಕೊಂಡು, "ಕೊನೆಯಲ್ಲಿ ಕೂಡಲಸಂಗಮದೇವ ಅಂತ ಇದೆಯಲ್ಲವ್ವಾ, ಮತ್ತಾರದು?" ಎಂದರು. ಧಾರಣೆಯನ್ನು ಕುರಿತು ಯಾರೂ ಕೇಳದಿದ್ದ ಪ್ರಶ್ನೆಯು ವಚನವನ್ನು ಕುರಿತು ಹುಟ್ಟಿತು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಅಂತರ್ಜಾಲವು ವಾಣಿಜ್ಯವನ್ನೂ ಸಂಸ್ಕೃತಿಯನ್ನೂ ಸಮಾಜವನ್ನೂ ಮಾರ್ಪಡಿಸುತ್ತಿದೆ ಎಂಬುದು ಈಗ ಎಲ್ಲರ ಬಾಯಲ್ಲಿಯೂ ಇರುವ ಮಾತು. ಮಾತು ನಿಜವೇ. ಆದರೆ ಮೂರನ್ನೂ ಒಂದೇ ಬಗೆಯಿಂದ ಮಾರ್ಪಡಿಸುತ್ತಿದೆಯೆಂದು ಭಾವಿಸುವುದರಲ್ಲಿ ದೋಷವಿದೆ. ವ್ಯವಹಾರದಲ್ಲಿ ಹುಡುಕಿದ ಸಂಗತಿ ದೊರೆತರೆ ಕಾರ್ಯವು ಮುಗಿಯುತ್ತದೆ. ಸಾಹಿತ್ಯದಲ್ಲಿ ಹುಡುಕಿದ ಮಾತು ದೊರೆತಾಗ ಕಾರ್ಯವು ಮೊದಲಾಗುತ್ತದೆ. ಈ ಭೇದವನ್ನು ಮರೆತುದರಿಂದಲೇ ನಮ್ಮ ಓದಿಗೆ ಹಾನಿ ಒದಗುತ್ತಿದೆಯೆಂದು ನಮ್ಮ ಎಣಿಕೆ.

ವ್ಯವಹಾರದ ವಿಷಯದಲ್ಲಿ ಆಗಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ರಾಜ್ಯ ಕೃಷಿ ಮಾರಾಟ ಮಂಡಳಿಯ 'ಕೃಷಿ ಮಾರಾಟವಾಹಿನಿ'ಯಲ್ಲಿ ಆಯಾ ಮಾರುಕಟ್ಟೆಗೆ ಬಂದ ಮಾಲೆಷ್ಟು, ಕನಿಷ್ಠ ಧಾರಣೆ ಎಷ್ಟು, ಗರಿಷ್ಠ ಎಷ್ಟು ಎಂಬುದನ್ನು ರೈತನು ಗಾಡಿ ಕಟ್ಟುವ ಮೊದಲೇ ನೋಡಬಹುದು. ಹಿಂದೆ ಮಂಡಿಯವರು ಹೇಳಿದುದೇ ಧಾರಣೆಯಾಗಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ಕೈಗೊಂಡ 'ಭೂಮಿ' ಯೋಜನೆಯಿಂದ 67 ಲಕ್ಷದಷ್ಟು ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆಯ ಜಗಲಿಯಲ್ಲಿ ಕಾದು ಕುಳಿತವರಿಗೆ ಇದರ ಬೆಲೆ ಗೊತ್ತು. ಹಳೆಯ ಕಡತದಲ್ಲಿ ಹೆಸರು ತಪ್ಪಾಗಿದ್ದರೆ ಯಂತ್ರದಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ ಎಂಬುದೊಂದು ತೊಡಕು ಇದೆ. ಆದರೂ ಅಲ್ಲಿ ತಪ್ಪು ತಪ್ಪೆಂದು ತಿಳಿಯುತ್ತದೆ; ಹೊಲದ ಒಡೆಯನು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾನೆ. ವಚನದಲ್ಲಿ ತಪ್ಪು ನುಸುಳಿದರೆ ಅರ್ಜಿ ಹಾಕುವವರು ಯಾರು?

ಈಗ ಸಾಹಿತ್ಯದ ಕಡೆಗೆ ಬರೋಣ. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಗಳನ್ನು ಅಲೆದು ತಾಳೆಯೋಲೆಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುದ್ರಣದ ವೆಚ್ಚಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಆ ಬಳಿಕ ಅನೇಕ ವಿದ್ವಾಂಸರ ದುಡಿಮೆಯ ಫಲವಾಗಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 1993ರಲ್ಲಿ 15 ಗ್ರಂಥಗಳಾಗಿ ಸರ್ಕಾರದಿಂದ ಪ್ರಕಟವಾದುವು. 'ವಚನ ಸಂಚಯ' ಎಂಬ ಹೆಸರಿನಿಂದ 20,000ಕ್ಕೂ ಮಿಕ್ಕ ವಚನಗಳು ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುತ್ತಿವೆ. 'ಕಾಯಕ' ಎಂದು ಬರೆದರೆ ಆ ಪದವನ್ನುಳ್ಳ ವಚನಗಳು ಕರ್ತೃಗಳ ಹೆಸರಿನೊಡನೆ ಸಾಲಾಗಿ ನಿಲ್ಲುತ್ತವೆ. ಹಿಂದೆ ಒಬ್ಬ ಪಂಡಿತನ ಆಯುಷ್ಯವನ್ನು ಬೇಡುತ್ತಿದ್ದ ಪದಪ್ರಯೋಗಕೋಶದ ಕೆಲಸವು ಬಬ್ಬೂರಿನ ವಿದ್ಯಾರ್ಥಿನಿಯ ಅಂಗೈಯಲ್ಲಿ ಕ್ಷಣಮಾತ್ರದಲ್ಲಿ ನಡೆಯುತ್ತದೆ. ಇದನ್ನು ಅಲ್ಪವೆನ್ನುವವನು ಕೃತಘ್ನ.

ಆದರೆ ಯಂತ್ರವು ಅಕ್ಷರಗಳ ಸಾಲನ್ನು ಹುಡುಕುತ್ತದೆಯೇ ಹೊರತು ಅರ್ಥವನ್ನು ಅರಿತು ತರುವುದಿಲ್ಲ. ಕನ್ನಡದ ಪದವಾದರೋ ವಿಭಕ್ತಿಯಿಂದ ರೂಪ ಬದಲಿಸುತ್ತದೆ. ಸಂಧಿಯಲ್ಲಿ ನೆರೆಯ ಪದದೊಡನೆ ಬೆಸೆದುಕೊಳ್ಳುತ್ತದೆ. ಪ್ರತಿಯಿಂದ ಪ್ರತಿಗೆ ಪಾಠಾಂತರವನ್ನೂ ಹೊಂದುತ್ತದೆ. 'ಇಲ್ಲ' ಎಂಬ ಯಂತ್ರದ ಉತ್ತರವನ್ನು ಪಂಡಿತನ ನಿರ್ಣಯವೆಂದು ತಿಳಿಯಕೂಡದು. 'ಉಂಟು' ಎಂದಾಗಲೂ ಹಾಗೆಯೇ: ದೊರೆತ ಸಾಲು ವಚನದಲ್ಲಿ ಪ್ರಶ್ನೆಯಾಗಿದೆಯೋ, ವ್ಯಂಗ್ಯವಾಗಿದೆಯೋ, ಇನ್ನೊಬ್ಬರಿಗೆ ಕೊಟ್ಟ ಮರುನುಡಿಯಾಗಿದೆಯೋ ಎಂಬುದನ್ನು ವಾಚಕನೇ ಓದಿ ತಿಳಿಯಬೇಕು.

ವಚನಗಳನ್ನು ಅವುಗಳ ಎಡೆಯಿಂದ ಕಿತ್ತು ಬೇರೆಡೆ ಇಡುವುದು ಅಂತರ್ಜಾಲದಿಂದ ಆರಂಭವಾದ ಪದ್ಧತಿಯಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಹದಿನೈದನೆಯ ಶತಮಾನದ ಶೂನ್ಯಸಂಪಾದನಕಾರರು ಶರಣರ ಬಿಡಿ ವಚನಗಳನ್ನು ಆಯ್ದು, ಅಲ್ಲಮಪ್ರಭುವಿನ ಸುತ್ತ ಸಂವಾದವಾಗಿ ಹೆಣೆದರು. ಆದರೆ ಅವರು ಹೆಣೆಯುವುದಕ್ಕೆ ಮೊದಲು ಓದಿದ್ದರು. ಯಾವ ವಚನಕ್ಕೆ ಯಾವ ವಚನವು ಉತ್ತರವಾದೀತೆಂಬ ವಿವೇಚನೆಯಿಂದ ಹೊಸದೊಂದು ಕೃತಿಯೇ ಹುಟ್ಟಿತು. ಓಲೆಯ ಲಿಪಿಕಾರರೂ ತಪ್ಪು ಮಾಡಿದರು, ನಿಜ. ಆದರೆ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯುವವನು ಪ್ರತಿಯೊಂದು ಪದದ ಮುಂದೆಯೂ ಕ್ಷಣಕಾಲ ನಿಲ್ಲಲೇಬೇಕಾಗಿತ್ತು. ಈಗ ಬೆರಳು ತಾಕಿಸಿದರೆ ಸಾಕು, ಓದದೆ ಇದ್ದ ಮಾತೂ ನೂರು ಮನೆಗಳನ್ನು ಸೇರುತ್ತದೆ.

ಸಮಾಜದ ಮೇಲೆ ಇದರ ಪರಿಣಾಮವು ಇಲ್ಲಿಯೇ ಕಾಣುವುದು. ನಮ್ಮ ಮನೆಗಳಲ್ಲಿ ವಚನವನ್ನು ಹೇಳುವವರು ತಾವು ಯಾರಿಂದ ಕಲಿತೆವೆಂಬುದನ್ನು ಬಲ್ಲವರಾಗಿದ್ದರು. ತಪ್ಪಿದರೆ ತಿದ್ದುವ ಹಿರಿಯರು ಪಕ್ಕದಲ್ಲಿ ಇರುತ್ತಿದ್ದರು. ಅಂಕಿತವು ಕರ್ತೃವಿನ ಗುರುತಾಗಿತ್ತು: ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ಗುಹೇಶ್ವರನೆಂದರೆ ಅಲ್ಲಮ. ಈಗ ಯಾರ ಮಾತಿಗಾದರೂ ಯಾವ ಅಂಕಿತವನ್ನಾದರೂ ಅಂಟಿಸಬಹುದಾಗಿದೆ. ಮಾತು ಒಳ್ಳೆಯದಾಗಿದ್ದರೆ ಕರ್ತೃ ಯಾರಾದರೇನು ಎಂಬ ಸಮಾಧಾನವು ನಮಗೆ ಸಮ್ಮತವಲ್ಲ. ಇಂದಿನ ನೀತಿವಾಕ್ಯವನ್ನು ಬಸವಣ್ಣನವರ ಬಾಯಲ್ಲಿ ಇಟ್ಟರೆ ಅವರು ನಮಗೆ ಒಪ್ಪಿಗೆಯಾದುದನ್ನೇ ಹೇಳುವವರಾಗುತ್ತಾರೆ; ನಮ್ಮನ್ನು ಕೆಣಕಿ ತಿದ್ದುವ ಅವರ ಶಕ್ತಿಯು ಕಾಣದೆ ಹೋಗುತ್ತದೆ.

ಹಾಗಾದರೆ ವಿದ್ಯಾವಂತರು ಅಂತರ್ಜಾಲದಿಂದ ದೂರ ನಿಲ್ಲಬೇಕೆ? ನಿಲ್ಲಕೂಡದು. ನಿಂತುದರಿಂದ ಆದ ನಷ್ಟವೇ ಸಾಕಷ್ಟಿದೆ. ಯೂನಿಕೋಡ್ ಎಂಬ ಲೋಕಸಾಮಾನ್ಯ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನವು ದೊರೆತಿತು. ಆದರೂ ಬಹುಕಾಲ ನಮ್ಮ ಅಚ್ಚುಕೂಟಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ಹಳೆಯ ಫಾಂಟುಗಳಲ್ಲಿಯೇ ಪುಟಗಳನ್ನು ಜೋಡಿಸಿದರು. ಕಾಗದದ ಮೇಲೆ ಅದು ಅಚ್ಚಗನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಕಡತಗಳು ಯೂನಿಕೋಡಿಗೆ ಪರಿವರ್ತನೆಯಾಗದ ಹೊರತು ಕನ್ನಡದಲ್ಲಿ ಹುಡುಕುವವನಿಗೆ ಅವುಗಳಲ್ಲಿ ಒಂದು ಪದವೂ ಸಿಗದು. ಹೀಗೆ ತಿದ್ದಿ ಅಚ್ಚುಮಾಡಿದ ಬರಹವು ಮರೆಯಲ್ಲಿ ಉಳಿದು, ತಿದ್ದದ ಬರಹವು ಅಂಗಳದಲ್ಲಿ ಓಡಾಡುತ್ತಿದೆ.

ಆದುದರಿಂದ ವಾಚಕರಲ್ಲಿಯೂ ಸಾಹಿತ್ಯಸಂಘಗಳಲ್ಲಿಯೂ ನಮ್ಮ ಅರಿಕೆ ಎರಡು. ವಚನವನ್ನಾಗಲಿ ಪದ್ಯವನ್ನಾಗಲಿ ಇತರರಿಗೆ ಕಳುಹಿಸುವವರು ಕರ್ತೃವಿನ ಹೆಸರನ್ನೂ ಗ್ರಂಥದ ಹೆಸರನ್ನೂ ಸಂಖ್ಯೆಯನ್ನೂ ಜೊತೆಗೆ ಬರೆಯಲಿ, ತಿಳಿಯದಿದ್ದರೆ ಕಳುಹಿಸದಿರಲಿ. ಪತ್ರಿಕೆಗಳನ್ನು ನಡೆಸುವ ಸಂಘಗಳು ತಮ್ಮ ಹಿಂದಿನ ಸಂಚಿಕೆಗಳನ್ನು ಯೂನಿಕೋಡಿನಲ್ಲಿ ತಿದ್ದಿ ಜಾಲಕ್ಕೆ ಏರಿಸಲಿ. ಹಳಕಟ್ಟಿಯವರು ಮನೆ ಮಾರಿ ಮಾಡಿದ ಕೆಲಸಕ್ಕೆ ಹೋಲಿಸಿದರೆ ಇದು ದೊಡ್ಡ ತ್ಯಾಗವೇನಲ್ಲ.

ಬಬ್ಬೂರಿನ ಮನೆಯಲ್ಲಿ ಆ ದಿನ ಮೊಮ್ಮಗಳು ಎಂಟು ಸಾಲುಗಳನ್ನೂ ಒಂದೊಂದಾಗಿ ಸಂಚಯದಲ್ಲಿ ಹುಡುಕಿದಳು. ಪದಗಳ ರೂಪವನ್ನು ಬದಲಿಸಿಯೂ ಹುಡುಕಿದಳು. ಯಾವುದೂ ದೊರೆಯಲಿಲ್ಲ. ನುಡಿಯ ಹೊಸತನವೂ ಇದಕ್ಕೆ ಕೂಡಿದುದರಿಂದ ಅಜ್ಜನವರು ಒಪ್ಪಿಕೊಂಡರು. ಬಳಿಕ, "ಬಸವಣ್ಣನವರದ್ದೇ ನಾಲ್ಕು ಓದವ್ವಾ, ಕೇಳೋಣ" ಎಂದರು. ಓದು ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು. ಎಂಟು ಸಾಲುಗಳನ್ನು ಕಳುಹಿಸಿದವರಿಗೆ ಅಜ್ಜನವರು ಮರುದಿನ, ಇದರ ಮೂಲವೆಲ್ಲಿದೆ ತಿಳಿಸಿರಿ ಎಂದು ಬರೆದರಂತೆ. ಉತ್ತರವು ಇನ್ನೂ ಬಂದಿಲ್ಲವೆಂದು ಕೇಳಿದೆವು.