ಓಡುವ ಯಂತ್ರಕ್ಕೊಂದು ಪ್ರೊಸೆಸರ್
ವರ್ಚುಯಲ್ ಯಂತ್ರ ಓಡುತ್ತಿರುವಾಗಲೇ ಅದಕ್ಕೆ ಇನ್ನೊಂದು ಪ್ರೊಸೆಸರ್ ಜೋಡಿಸುವುದನ್ನು ಇಂಥ ಯಂತ್ರಗಳನ್ನು ಓಡಿಸುವ ಕ್ಯೂಎಮು ತಂತ್ರಾಂಶದ ದಾಖಲೆಯ ಒಂದು ಪುಟ್ಟ ಪುಟ ಎಷ್ಟು ಚೆನ್ನಾಗಿ ತಿಳಿಸುತ್ತದೆ! ಪ್ರೊಸೆಸರ್ ಈಗ 1, ಗರಿಷ್ಠ 2 ಎಂದು ಯಂತ್ರ ಶುರುಮಾಡುವಾಗಲೇ ಜಾಗ ಕಾದಿರಿಸಲು ಹೇಳುತ್ತದೆ. ಖಾಲಿ ಜಾಗ ಯಾವುದೆಂದು ಕ್ಯೂಎಮುವನ್ನೇ ಕೇಳಿಸಿ, ಬಂದ ಸಾಕೆಟ್, ಕೋರ್, ಥ್ರೆಡ್ ಸಂಖ್ಯೆಗಳನ್ನೇ ಮುಂದಿನ ಆದೇಶಕ್ಕೆ ಕೊಡಿಸುತ್ತದೆ. ಊಹೆಗೆ ಎಡೆಯೇ ಇಲ್ಲ.

ನನಗೆ ತುಂಬ ಹಿಡಿಸಿದ್ದು ಪ್ರೊಸೆಸರ್ ತೆಗೆಯುವ ಭಾಗದ ಟಿಪ್ಪಣಿ. ಡಿವೈಸ್-ಡೆಲ್ ಎಂಬ ಆದೇಶ ಕೊಟ್ಟ ಮಾತ್ರಕ್ಕೆ ಪ್ರೊಸೆಸರ್ ಹೋಗಿಬಿಡುವುದಿಲ್ಲ, ಅದು ಕೋರಿಕೆ ಮಾತ್ರ ಎಂದು ಬಿಡಿಸಿ ಹೇಳುತ್ತದೆ: ಯಂತ್ರದೊಳಗಿನ ಕರ್ನಲ್‌ಗೆ ಎಸಿಪಿಐ ಎಂಬ ವ್ಯವಸ್ಥೆಯ ಮೂಲಕ ಸೂಚನೆ ತಲುಪಬೇಕು, ಕರ್ನಲ್ ಪ್ರೊಸೆಸರನ್ನು ಆಫ್‌ಲೈನ್ ಮಾಡಬೇಕು, ಇನ್ನು ತೆಗೆಯಬಹುದೆಂದು ಕ್ಯೂಎಮುಗೆ ತಾನೇ ತಿಳಿಸಬೇಕು. ಆದೇಶ ಕೊಟ್ಟರೂ ಏನೂ ಆಗಲಿಲ್ಲವಲ್ಲ ಎಂದು ತಲೆಕೆಡಿಸಿಕೊಳ್ಳುವ ನಿರ್ವಾಹಕರನ್ನು ನೆನೆದೇ ಬರೆದಂತಿವೆ ಈ ಸಾಲುಗಳು.