ಹಬ್ಬದ ದೀಪಕ್ಕೆ ಸ್ಮಾರ್ಟ್ ಪ್ಲಗ್ ಬೇಕೆ?

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನನ್ನ ತಂಗಿಯ ಮನೆಗೆ ಕಳೆದ ದೀಪಾವಳಿಗೆ ಹೋಗಿದ್ದೆ. ಬಾಲ್ಕನಿಯ ಕಬ್ಬಿಣದ ಸರಳುಗಳಿಗೆ ಎಲ್‌ಇಡಿ ಸೀರಿಯಲ್ ಸೆಟ್ ಸುತ್ತಿದ್ದರು, ಮೇಲೊಂದು ಆಕಾಶಬುಟ್ಟಿ ತೂಗುತ್ತಿತ್ತು. ರಾತ್ರಿ ಊಟವಾದ ಮೇಲೆ ಸೋದರಳಿಯ "ಮಾವ, ಇಲ್ಲಿಂದಲೇ ಆರಿಸ್ತೀನಿ ನೋಡ್ರಿ" ಎಂದು ಫೋನಿನ ಪರದೆ ಮುಟ್ಟಿದ. ಹೊರಗೆ ದೀಪಗಳು ಆರಿದವು. ಇದರಿಂದ ವಿದ್ಯುತ್ ಉಳಿಯುತ್ತದೆ, ಅಪಾಯವೂ ಇಲ್ಲ ಎಂಬುದು ಅವನ ವಾದ. ಜಾಹೀರಾತುಗಳೂ ಇದನ್ನೇ ಹೇಳುತ್ತವೆ. ಈ ಎರಡು ಮಾತುಗಳನ್ನು ಸ್ವಲ್ಪ ಪರೀಕ್ಷಿಸೋಣ.

ಸ್ಮಾರ್ಟ್ ಪ್ಲಗ್ಗಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು ರಿಲೇ, ಅಂದರೆ ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ಸ್ವಿಚ್. ಇನ್ನೊಂದು 2.4 ಗಿಗಾಹರ್ಟ್ಸ್ ಆವೃತ್ತಿಯ ರೇಡಿಯೊ ಅಲೆಗಳನ್ನು ಆಲಿಸುವ ಸಣ್ಣ ವೈಫೈ ಮಂಡಲ. ಈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಫೋನಿನ ಆದೇಶ ಮನೆಯ ರೂಟರಿಗೆ, ಅನೇಕ ಮಾದರಿಗಳಲ್ಲಿ ಅಲ್ಲಿಂದ ಎಲ್ಲೋ ದೂರದ ಸರ್ವರಿಗೆ ಹೋಗಿ, ಮರಳಿ ಪ್ಲಗ್ಗಿಗೆ ಬರುತ್ತದೆ. ಹತ್ತು ಹೆಜ್ಜೆ ದೂರದ ಸ್ವಿಚ್ ಒತ್ತಲು ಇಷ್ಟು ಸುತ್ತಾಟ! ಆದೇಶ ಯಾವಾಗ ಬಂದೀತೆಂದು ಆ ಮಂಡಲ ಹಗಲಿರುಳು ಎಚ್ಚರವಾಗಿರಬೇಕು. ಅದಕ್ಕೆ ಸುಮಾರು 1 ವಾಟ್ ಬೇಕು.

ಈಗ ಲೆಕ್ಕ ಹಾಕಿ. ಸೆಟ್ಟು 6 ವಾಟಿನದು ಎಂದುಕೊಳ್ಳಿ. ಸಂಜೆ ಆರರಿಂದ ಬೆಳಗಿನ ಆರರವರೆಗೆ ಉರಿಯುವುದನ್ನು ಪ್ಲಗ್ ರಾತ್ರಿ ಹನ್ನೊಂದಕ್ಕೆ ಆರಿಸಿದರೆ ದಿನಕ್ಕೆ 7 ಗಂಟೆ, ಅಂದರೆ 42 ವಾಟ್-ಗಂಟೆ ಉಳಿತಾಯ. ಕಾರ್ತಿಕ ಮಾಸದ 30 ದಿನಗಳಲ್ಲಿ ಇದು 1.26 ಯೂನಿಟ್. ಅದೇ ಅವಧಿಯಲ್ಲಿ ಪ್ಲಗ್ ತಾನೇ ಬಳಸುವುದು 0.72 ಯೂನಿಟ್. ಉಳಿದದ್ದು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಹಬ್ಬ ಮುಗಿದ ಮೇಲೂ ಅದನ್ನು ಸಾಕೆಟ್ಟಿನಲ್ಲೇ ಮರೆತರೆ ವರ್ಷಕ್ಕೆ 8.76 ಯೂನಿಟ್ ಖರ್ಚು, ಉಳಿಸಿದ್ದರ ಸುಮಾರು ಏಳು ಪಟ್ಟು. ಹಿಂದಿನ ಸೆಟ್ಟುಗಳ ಮಾತು ಬೇರೆ. 6 ವೋಲ್ಟ್, 0.1 ಆಂಪೇರಿನ 40 ತಂತುಬಲ್ಬುಗಳ ಸರಣಿ 24 ವಾಟ್ ಬಳಸುತ್ತಿತ್ತು. ಆಗ ಈ ಪ್ಲಗ್ ಇದ್ದಿದ್ದರೆ ತಿಂಗಳಿಗೆ 5 ಯೂನಿಟ್ ಉಳಿಯುತ್ತಿತ್ತು. ಎಲ್‌ಇಡಿ ಬಂದು ಆ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದ ಮೇಲೆ ಪ್ಲಗ್ ಬಂದಿದೆ. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದ ನಂತರ ಅನೇಕ ಮನೆಗಳಿಗೆ ಬಿಲ್ಲಿನ ಚಿಂತೆ ಕಡಿಮೆಯಾಗಿದೆ, ನಿಜ. ಆದರೆ ಯೂನಿಟ್ಟಿಗಾಗಿ ಬಳ್ಳಾರಿಯ ಪಕ್ಕದ ಕುಡಿತಿನಿಯಲ್ಲಿ ಕಲ್ಲಿದ್ದಲು ಸುಡುವುದು ನಿಂತಿಲ್ಲ.

ಇದನ್ನು ನಂಬಬೇಕಿಲ್ಲ, ಅಳೆಯಬಹುದು. ಮೀಟರಿನ ಮೇಲೆ ಯೂನಿಟ್ಟಿಗೆ 3200 ಮಿನುಗು ಎಂದಿದ್ದರೆ ಒಂದು ಮಿನುಗಿಗೆ 0.3125 ವಾಟ್-ಗಂಟೆ. ತೀರಾ ಸಣ್ಣ ಹೊರೆಗೆ ಮೀಟರು ಮಿಸುಕದೆಯೂ ಇರಬಹುದು. ಆದ್ದರಿಂದ ಮನೆಯ ಉಳಿದೆಲ್ಲವನ್ನೂ ಆರಿಸಿ 9 ವಾಟಿನ ಒಂದು ಬಲ್ಬನ್ನು ಉರಿಸಿ: 125 ಸೆಕೆಂಡಿಗೊಂದು ಮಿನುಗು ಕಾಣಬೇಕು. ಬಳಿಕ ಖಾಲಿ ಸ್ಮಾರ್ಟ್ ಪ್ಲಗ್ಗನ್ನೂ ಚುಚ್ಚಿ. ಅದು 1 ವಾಟ್ ಬಳಸುತ್ತಿದ್ದರೆ ಅಂತರ 112.5 ಸೆಕೆಂಡಿಗೆ ಇಳಿಯುತ್ತದೆ. ಐದಾರು ಮಿನುಗು ಎಣಿಸಿದರೆ ವ್ಯತ್ಯಾಸ ಸ್ಪಷ್ಟ. ಪ್ರೌಢಶಾಲೆಯ ಶಿಕ್ಷಕರು ಇದನ್ನು ಮನೆಗೆಲಸವಾಗಿ ಕೊಡಬಹುದು. (ರೂಟರನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ಜಾಣ ಹುಡುಗರು ಕೇಳಿಯೇ ಕೇಳುತ್ತಾರೆ.)

ಸರ್ವರನ್ನು ನಂಬಿದ ಸಾಧನದ ಆಯುಷ್ಯ ನಮ್ಮ ಕೈಯಲ್ಲಿಲ್ಲ. ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯಿಲ್ಲದೆ ನಿಂತುಹೋದವು. ಬೆಲ್ಕಿನ್ ತನ್ನ ಬಹುತೇಕ ವೀಮೊ ಸಾಧನಗಳಿಗೆ 2026ರ ಜನವರಿ 31ರವರೆಗೆ ಮಾತ್ರ ಬೆಂಬಲ ಎಂದು 2025ರಲ್ಲಿ ಪ್ರಕಟಿಸಿತು.

ಇನ್ನು ಅಪಾಯದ ಮಾತು. ಇದೇ ನನಗೆ ಹೆಚ್ಚು ಮುಖ್ಯ. ಇಂತಹ ಪ್ಲಗ್ಗಿನ ರಿಲೇ ಸಾಮಾನ್ಯವಾಗಿ ಒಂದೇ ತಂತಿಯನ್ನು, ಫೇಸನ್ನು, ಕಡಿಯುತ್ತದೆ. ಸಾಕೆಟ್ಟಿನ ಎದುರು ನಿಂತಾಗ ಅರ್ತಿನ ದೊಡ್ಡ ರಂಧ್ರ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕು. ವೈರಿಂಗ್ ಮಾಡಿದವರು ಅದಲುಬದಲು ಮಾಡಿದ್ದರೆ? ಆಗ ರಿಲೇ ಕಡಿಯುವುದು ನ್ಯೂಟ್ರಲನ್ನು. ವಿದ್ಯುನ್ಮಂಡಲ ಪೂರ್ಣವಾಗದ ಕಾರಣ ದೀಪ ಆರುತ್ತದೆ, ಫೋನು 'ಆಫ್' ಎನ್ನುತ್ತದೆ. ಸರದ ಉದ್ದಕ್ಕೂ ಮಾತ್ರ ನೆಲಕ್ಕೆ ಹೋಲಿಸಿದರೆ 230 ವೋಲ್ಟ್ ನಿಂತೇ ಇರುತ್ತದೆ. ಒಂದು ಎಲ್‌ಇಡಿಗೆ ಎರಡು ಮೂರು ವೋಲ್ಟ್ ಸಾಕು ಎಂಬ ಸಮಾಧಾನ ಇಲ್ಲಿ ಸಲ್ಲದು, ಏಕೆಂದರೆ ಅಗ್ಗದ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಸರ ನೇರವಾಗಿ ಮನೆಯ ಲೈನಿಗೇ ಸೇರಿರುತ್ತದೆ. ಹಿಂಗಾರಿನ ಮಳೆಯಲ್ಲಿ ನೆನೆದ ಕಬ್ಬಿಣದ ಸರಳು, ಸಿಪ್ಪೆ ಸುಲಿದ ತಂತಿ, ಬರಿಗಾಲಿನ ಮಗು – ಮುಂದಿನದನ್ನು ನೀವೇ ಊಹಿಸಿ. ಆರಿಸಿದ ಮೇಲೂ ಎಲ್‌ಇಡಿಗಳು ಮಸುಕಾಗಿ ಬೆಳಗುತ್ತಿದ್ದರೆ ಹೀಗಾಗಿರಬಹುದೆಂದು ಅನುಮಾನಿಸಬೇಕು. ತಂತಿಗಳ ನಡುವಿನ ಧಾರಕತೆಯ ಮೂಲಕ ಹರಿಯುವ ಅತ್ಯಲ್ಪ ಪ್ರವಾಹವೂ ಅವುಗಳಿಗೆ ಸಾಕು.

ಮರುದಿನ ಬೆಳಗ್ಗೆ ಸೋದರಳಿಯನ ಕೈಗೆ ಟೆಸ್ಟರ್ ಕೊಟ್ಟೆ. ಬಾಲ್ಕನಿಯ ಸಾಕೆಟ್ಟಿನ ಎಡರಂಧ್ರದಲ್ಲಿ ಅದು ಉರಿಯಿತು. ಹುಡುಗ ಮಾತಾಡದೆ ಮೇನ್ ಆರಿಸಿ ಸೆಟ್ಟನ್ನು ಬಿಚ್ಚಿದ. ಮಧ್ಯಾಹ್ನ ಬಂದ ಎಲೆಕ್ಟ್ರಿಶಿಯನ್ ತಂತಿಗಳನ್ನು ಸರಿಪಡಿಸಿ, ನನ್ನ ಒತ್ತಾಯಕ್ಕೆ 30 ಮಿಲಿಆಂಪೇರಿನ ಆರ್‌ಸಿಸಿಬಿಯನ್ನೂ ಹಾಕಿದ. ಸ್ಮಾರ್ಟ್ ಪ್ಲಗ್ ಈಗ ತಂಗಿಯ ಅತ್ತೆಯವರ ಕೋಣೆಯಲ್ಲಿದೆ. ಮಂಡಿನೋವಿನ ಅವರಿಗೆ ಎದ್ದು ಹೋಗಿ ಸ್ವಿಚ್ ಒತ್ತುವುದು ಕಷ್ಟ. ಒಂದು ವಾಟಿಗೆ ಅದು ದುಬಾರಿಯಲ್ಲ. ಬಾಲ್ಕನಿಯ ದೀಪವನ್ನು ಮಲಗುವ ಮುನ್ನ ಯಾರಾದರೂ ಹೋಗಿ ಆರಿಸಿ ಬರುತ್ತಾರೆ.